ಲೋಕಲ್‌ನಲ್ಲಿ ನಿಂತು ಬಂದ ಪ್ರೋಟೀನು

ಈಗ ಲ್ಯಾಬಿಗೆ ಸೇರುವ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಆಂಟಿ, ನೀವೆಲ್ಲ ಪಿಪೆಟ್ಟನ್ನು ಬಾಯಿಂದ ಎಳೆಯುತ್ತಿದ್ದಿರಂತೆ, ಹೌದಾ? ಹೌದು. ಗಾಜಿನ ಕೊಳವೆಯ ಒಂದು ತುದಿ ಯಾರದೋ ರಕ್ತದ ಸೀರಮ್ಮಿನಲ್ಲಿ, ಇನ್ನೊಂದು ತುದಿ ನಮ್ಮ ತುಟಿಯಲ್ಲಿ. ಗೆರೆಯವರೆಗೆ ಎಳೆದು ಬೆರಳೊತ್ತಿ ನಿಲ್ಲಿಸಬೇಕು. ಆ ಹೊತ್ತಿಗೆ ಯಾರಾದರೂ ನಗಿಸಿದರೆ ಮುಗಿಯಿತು. ನಮ್ಮಲ್ಲಿ ನಗಿಸುವವರಿಗೆ ಬರವಿರಲಿಲ್ಲ. ಹಾಗಾಗಿ ಸೋಡಿಯಂ ಸಲ್ಫೈಟಿನ ರುಚಿ ಹೇಗಿರುತ್ತದೆಂದು ನಾನು ಇವತ್ತಿಗೂ ಕಣ್ಣು ಮುಚ್ಚಿ ಹೇಳಬಲ್ಲೆ. ಹುಡುಗಿಯರು ಮುಖ ಕಿವುಚುತ್ತಾರೆ. ನೀವು ಹಾಗೆ ಮಾಡಬೇಡಿರಿ ಎನ್ನುವುದಷ್ಟೇ ನನ್ನ ಉಪದೇಶ, ಉಳಿದದ್ದೆಲ್ಲ ಕಥೆ.

ನಾನು ಗದಗಿನವಳು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಎಪ್ಪತ್ತರ ದಶಕದ ನಡುವೆ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಖಾಸಗಿ ಲ್ಯಾಬಿಗೆ ಸೇರಿದೆ. ಕೆಳಗೆ ಬಳೆ ಅಂಗಡಿ, ಮೇಲೆ ನಾವು. ಎರಡು ಕೋಣೆ, ಒಂದು ಬಾಲ್ಕನಿ, ರೋಗಿಗಳು ಕೂರಲು ಒಂದು ಉದ್ದನೆಯ ಬೆಂಚು. ಯಜಮಾನರು ಡಾಕ್ಟರ್ ಕರಂದೀಕರ್, ನಾವು ಸಾಹೇಬರು ಎನ್ನುತ್ತಿದ್ದೆವು. ತೆಳ್ಳಗೆ ಉದ್ದಕ್ಕಿದ್ದರು, ಸದಾ ಟೈ ಕಟ್ಟುತ್ತಿದ್ದರು, ಸಿಟ್ಟು ಮೂಗಿನ ತುದಿಯಲ್ಲಿತ್ತು. ನನ್ನ ಜೊತೆಗಿದ್ದ ಟೆಕ್ನಿಶಿಯನ್ ವಸಂತ ಮೋರೆ ಕಲ್ಯಾಣದಿಂದ ಬರುತ್ತಿದ್ದ. ನಾನು ಪಿಪೆಟ್ ಬಾಯಿಗಿಟ್ಟ ಹೊತ್ತು ನೋಡಿಯೇ ಅವನಿಗೆ ಹಾಸ್ಯ ನೆನಪಾಗುತ್ತಿತ್ತು.

ಸಾಹೇಬರಿಗೆ ರಕ್ತದಲ್ಲಿ ಎಲ್ಲಕ್ಕಿಂತ ಪ್ರೀತಿ ಪ್ರೋಟೀನಿನ ಮೇಲೆ. ಸಕ್ಕರೆ, ಯೂರಿಯಾ ಯಾರು ಬೇಕಾದರೂ ಅಳೆಯುತ್ತಾರೆ, ಪ್ರೋಟೀನು ನೋಡಿದರೆ ಮನುಷ್ಯನ ಸಂಸಾರವೇ ಕಾಣುತ್ತದೆ ಎನ್ನುತ್ತಿದ್ದರು. ಆಲ್ಬ್ಯುಮಿನ್ ಮನೆಯ ಹಿರಿ ಸೊಸೆ. ಪಿತ್ತದಿಂದ ಹಿಡಿದು ಔಷಧಿಯವರೆಗೆ ಎಲ್ಲವನ್ನೂ ಅವಳೇ ಹೊರಬೇಕು, ಮೇಲೆ ರಕ್ತನಾಳದೊಳಗಿನ ನೀರು ಹೊರಗೆ ಸೋರದಂತೆ ಹಿಡಿದಿಡಬೇಕು. ಗ್ಲೋಬ್ಯುಲಿನ್‌ಗಳು ಬಾಗಿಲಲ್ಲಿ ನಿಂತು ರೋಗದೊಂದಿಗೆ ಜಗಳಾಡುವ ಮೈದುನಂದಿರು. ಸೊಸೆ ಸೊರಗಿ ಮೈದುನಂದಿರು ಉಬ್ಬಿದರೆ ಆ ಮನೆಗೆ ಕಷ್ಟ ಬಂದಿದೆ ಎಂದು ತಿಳಿಯಬೇಕು. ನನ್ನ ಬಿ.ಎಸ್ಸಿ. ಪುಸ್ತಕಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮೊದಲ ವಾರದಲ್ಲೇ ನಾನು ಆ ಕೆಲಸಕ್ಕೆ ಮನಸೋತೆ.

ಆದರೆ ಆಗ ಸೊಸೆಯನ್ನು ಮೈದುನಂದಿರಿಂದ ಬೇರ್ಪಡಿಸುವುದೆಂದರೆ ಸರ್ಕಸ್ಸು. ಸೀರಮ್ಮಿಗೆ ಸಲ್ಫೈಟಿನ ದ್ರಾವಣ ಹಾಕಿ, ಮೇಲೆ ಈಥರ್ ಸುರಿದು, ಬೂಚು ಒತ್ತಿ ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಬೇಕು. ಆಗ ಮೇಲೆ ಈಥರ್, ಕೆಳಗೆ ಆಲ್ಬ್ಯುಮಿನ್ ಇರುವ ತಿಳಿ, ನಡುವೆ ಗ್ಲೋಬ್ಯುಲಿನ್ನಿನ ಬಿಳಿ ಕೆನೆ ನಿಲ್ಲುತ್ತದೆ. ಕೆನೆ ಒಡೆಯದಂತೆ ಕೊಳವೆ ವಾಲಿಸಿ, ಸಂದಿಯಲ್ಲಿ ಪಿಪೆಟ್ ಇಳಿಸಿ ತಿಳಿಯನ್ನಷ್ಟೇ ಎಳೆಯಬೇಕು. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುತ್ತಿತ್ತು. ಸಣ್ಣ ಕೋಣೆ, ತುಂಬ ತಲೆಗೇರುವ ಈಥರ್ ಆವಿ. ಹನ್ನೊಂದು ಗಂಟೆಯ ಹೊತ್ತಿಗೆ ಮೋರೆಗೂ ನನಗೂ ಕಾರಣವಿಲ್ಲದೆ ನಗು ಶುರುವಾಗುತ್ತಿತ್ತು.

ಒಂದು ದಿನ ಸಾಹೇಬರು ಗದರಿಸಲೆಂದೇ ಒಳಗೆ ಬಂದರು. ಇದೇನು ಲ್ಯಾಬೋ ತಮಾಷಾ ಮಂಡಳಿಯೋ ಎಂದು ಶುರುಮಾಡಿ, ವಾಕ್ಯ ಮುಗಿಸುವ ಮೊದಲೇ ತಮ್ಮ ಟೈ ನೋಡಿಕೊಂಡು ನಗತೊಡಗಿದರು. ಟೈ ಯಾಕೆ ಕಟ್ಟುತ್ತಾರೆ, ಅದರಿಂದ ಏನು ಉಪಯೋಗ ಎಂದು ನಮ್ಮನ್ನೇ ಕೇಳಿದರು. ಹೊರಗೆ ರಿಪೋರ್ಟಿಗೆ ಕಾಯುತ್ತಿದ್ದ ಒಬ್ಬ ಹಿರಿಯರು ಬಾಗಿಲಲ್ಲಿ ಇಣುಕಿ, ಮೂವರೂ ಮೇಜು ಹಿಡಿದುಕೊಂಡು ನಗುತ್ತಿರುವುದನ್ನು ಕಂಡು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಆಮೇಲೆ ಆಲ್ಬ್ಯುಮಿನ್ನಿಗೆ ಅಂಟಿ ಹಸಿರಾಗುವ ಒಂದು ಡೈ ಬಂತು. ಒಂದು ಹನಿ ಸೀರಮ್ಮು ಹಾಕಿದರೆ ಸಾಕು, ಬಣ್ಣ ಎಷ್ಟು ಗಾಢ ಎಂದು ಕಲರಿಮೀಟರು ಹೇಳುತ್ತಿತ್ತು. ಈಥರ್ ಹೋಯಿತು. ನಮ್ಮ ಕೆಲಸ ಸಲೀಸಾಯಿತು, ಮಳೆಗಾಲ ಮಾತ್ರ ಸ್ವಲ್ಪ ಸಪ್ಪೆಯಾಯಿತು.

ಎಲೆಕ್ಟ್ರೋಫೊರೆಸಿಸ್ಸಿನ ಪಟ್ಟಿಗಳದ್ದು ಇನ್ನೊಂದು ಕಥೆ. ಕಾಗದದ ಪಟ್ಟಿಯ ಒಂದು ತುದಿಗೆ ಸೀರಮ್ಮಿನ ಗೆರೆ ಎಳೆದು ಕರೆಂಟು ಹರಿಸಿದರೆ ಪ್ರೋಟೀನುಗಳು ಓಟಕ್ಕೆ ಬಿಟ್ಟವರಂತೆ ಮುಂದೆ ಹಿಂದೆ ಆಗಿ ನಿಲ್ಲುತ್ತವೆ. ಬಣ್ಣದಲ್ಲಿ ಅದ್ದಿದರೆ ಒಂದೊಂದೂ ಒಂದೊಂದು ಅಡ್ಡಪಟ್ಟೆಯಾಗಿ ಕಾಣುತ್ತದೆ. ಆ ಪಟ್ಟಿಗಳನ್ನು ನಾವು ಬಾಲ್ಕನಿಯ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದೆವು. ಒಮ್ಮೆ ಜೋರು ಗಾಳಿ ಬೀಸಿ ಅಷ್ಟೂ ಪಟ್ಟಿ ಕೆಳಗೆ ಬಿದ್ದವು. ಸಾಹೇಬರು ಟೈ ಸರಿಮಾಡಿಕೊಂಡು ಬಳೆ ಅಂಗಡಿಗೆ ಹೋಗಿ, ಅಲ್ಲಿದ್ದ ಹೆಂಗಸರ ಮುಂದೆ ತಲೆ ತಗ್ಗಿಸಿ, ನಿಮ್ಮ ಚೀಲದಲ್ಲಿ ನಮ್ಮ ರೋಗಿಗಳೇನಾದರೂ ಬಿದ್ದಿದ್ದಾರೆಯೇ ನೋಡುತ್ತೀರಾ ಎಂದು ಕೇಳಿದರು. ಒಬ್ಬಾಕೆ ಒಂದು ಪಟ್ಟಿಯನ್ನು ರಿಬ್ಬನ್ನಿನ ಹಾಗೆ ಜಡೆಗೆ ಹಿಡಿದು ನೋಡುತ್ತಿದ್ದಳಂತೆ, ಕೊಡಲು ಮನಸ್ಸಿರಲಿಲ್ಲವಂತೆ. ಎಲ್ಲವೂ ಸಿಕ್ಕವು, ಆದರೆ ಯಾವುದು ಯಾರದೆಂದು ತಿಳಿಯದೆ ಎಲ್ಲರದ್ದನ್ನೂ ಮತ್ತೆ ಮಾಡಿದೆವು. ಅಂದಿನಿಂದ ಪಟ್ಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು ಹಾಕದೆ ಮುಂದಿನ ಕೆಲಸವಿಲ್ಲ. ನೀವು ಬಾರ್‌ಕೋಡನ್ನು ಬೈಯುವಾಗ ಆ ಜಡೆಯನ್ನು ನೆನೆಸಿಕೊಳ್ಳಿರಿ.

ಇನ್ನು ನಮ್ಮ ಗೋಡೆಗೆ ಬಂದ ಬೋರ್ಡಿನ ಸಂಗತಿ. ಪುಸ್ತಕಗಳಲ್ಲಿದ್ದ ನಾರ್ಮಲ್ ಅಂಕಿಗಳ ಮೇಲೆ ಸಾಹೇಬರಿಗೆ ಹಳೆಯ ಸಿಟ್ಟು. ಅವೆಲ್ಲ ವಿಲಾಯತಿ ಜನರ ರಕ್ತದ ಅಂಕಿಗಳು, ಬ್ರೆಡ್ಡು ತಿನ್ನುವವರ ಲೆಕ್ಕ ಭಾಕರಿ ತಿನ್ನುವವರಿಗೆ ಯಾಕೆ ಎನ್ನುತ್ತಿದ್ದರು. ನಮ್ಮ ಜನರ ನಾರ್ಮಲ್ ನಾವೇ ಕಂಡುಹಿಡಿಯೋಣ, ಆರೋಗ್ಯವಂತರನ್ನು ಕರೆದು ತಾ ಎಂದು ನನಗೆ ಹೇಳಿದರು. ಆರೋಗ್ಯವಂತರನ್ನು ನಾನೆಲ್ಲಿ ಹುಡುಕಲಿ? ನನಗೆ ದಿನಾ ಸಿಗುವವರೆಂದರೆ ಡೊಂಬಿವಲಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯ ಗೆಳತಿಯರು. ಬ್ಯಾಂಕಿನವರು, ಟೆಲಿಫೋನಿನವರು, ಸ್ಕೂಲ್ ಟೀಚರುಗಳು. ಆ ಗದ್ದಲದಲ್ಲಿ ದಿನಾ ಹತ್ತಿ ಇಳಿಯಬಲ್ಲವರಿಗಿಂತ ಆರೋಗ್ಯವಂತರು ಯಾರಿದ್ದಾರೆ ಎಂದು ನನಗೂ ಅನಿಸಿತು.

ಬೆಳಿಗ್ಗೆ ಏನೂ ತಿನ್ನದೆ ಬರ್ರಿ, ರಕ್ತ ಕೊಟ್ಟ ಮ್ಯಾಲೆ ನಮ್ಮ ಲ್ಯಾಬಿನಾಗ ಉಪ್ಪಿಟ್ಟು ಎಂದು ಆಸೆ ತೋರಿಸಿದೆ. ದಿನಕ್ಕೆ ನಾಲ್ಕೈದು ಜನರಂತೆ ಠಾಣೆಯಲ್ಲಿ ಇಳಿಸಿ, ಸೇತುವೆ ಹತ್ತಿಸಿ ಇಳಿಸಿ, ನೇರ ನಮ್ಮ ಮೆಟ್ಟಿಲು ಹತ್ತಿಸಿ, ಉಸಿರು ಬಿಡುವ ಮೊದಲೇ ಸೂಜಿ ಚುಚ್ಚುತ್ತಿದ್ದೆ. ಅವರಿಗೆ ಮುಂದಿನ ಗಾಡಿ ಹಿಡಿಯುವ ಅವಸರ. ಕಲ್ಯಾಣದ ಗಾಡಿಯಿಂದ ಮೋರೆ ತನ್ನ ಭಜನಿ ಮಂಡಳಿಯ ಗಂಡಸರನ್ನು ಇಳಿಸಿಕೊಂಡು ಬಂದ. ಅವರು ತಾಳದ ಸಮೇತ ಬಂದಿದ್ದರು.

ಲೆಕ್ಕ ಹಾಕಿ ನೋಡಿದರೆ ನಮ್ಮವರ ಪ್ರೋಟೀನು ಪುಸ್ತಕದವರಿಗಿಂತ ಸಾಕಷ್ಟು ಮೇಲೆ. ಸಾಹೇಬರು ಕುಣಿಯುವುದೊಂದು ಬಾಕಿ. ಉಸಳಿನ ಮಹಿಮೆ, ಮೊಳಕೆ ಕಾಳಿನ ಮಹಿಮೆ ಎಂದು ಬಂದವರಿಗೆಲ್ಲ ಹೇಳಿದರು. ನಾನು ಜೋಳದ ರೊಟ್ಟಿಯ ಮಹಿಮೆ ಎಂದೆ. ಪೇಂಟರನನ್ನು ಕರೆಸಿ, ನೂರು ಮಿಲಿಲೀಟರಿಗೆ ಏಳು ಪಾಯಿಂಟ್ ಎರಡರಿಂದ ಎಂಟು ಪಾಯಿಂಟ್ ನಾಲ್ಕು ಗ್ರಾಂವರೆಗೆ ನಮ್ಮ ಜನರ ನಾರ್ಮಲ್ ಎಂದು ಬೋರ್ಡು ಬರೆಸಿ ಗೋಡೆಗೆ ತೂಗುಹಾಕಿದರು. ರಿಪೋರ್ಟುಗಳ ಮೇಲೂ ಅದನ್ನೇ ಅಚ್ಚು ಹಾಕಿಸಿದರು. ಅದಕ್ಕಿಂತ ಕೆಳಗೆ ಬಂದವರ ಅಂಕಿಯ ಸುತ್ತ ಕೆಂಪು ಶಾಯಿಯ ಸುತ್ತು ಬೀಳುತ್ತಿತ್ತು. ಆಸ್ಪತ್ರೆಗಳಿಂದ ಬರುವ ರಕ್ತಕ್ಕೆ ಕೆಂಪು ಸುತ್ತು ಬಹಳ ಬೀಳುತ್ತಿತ್ತು. ರೋಗಿಗಳಲ್ಲವೇ, ಪ್ರೋಟೀನು ಇಳಿದೇ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತಿದ್ದೆವು.

ಶ್ರೀನಿವಾಸ ಪೂಜಾರಿಯ ರಕ್ತ ನಮ್ಮಲ್ಲಿಗೆ ಬಂದದ್ದು ಬೋರ್ಡು ತೂಗಿ ಒಂದೆರಡು ವರ್ಷವಾದ ಮೇಲೆ. ಕುಂದಾಪುರದ ಕಡೆಯವನು. ಮೊದಲು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದು, ರಾತ್ರಿ ಶಾಲೆಯಲ್ಲಿ ಓದಿ, ರಬಾಳೆಯ ಒಂದು ಕಾರ್ಖಾನೆಯಲ್ಲಿ ಟೆಂಪರರಿ ಮಿಶೀನ್ ಆಪರೇಟರ್ ಆಗಿದ್ದ. ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಸಾಲುಕೋಣೆಗಳ ಚಾಳಿನಲ್ಲಿ ಒಂದು ಕೋಣೆ, ಹೆಂಡತಿ ಗಿರಿಜಾ, ತುಳು ಮಾತಿನ ಮನೆಯವಳು. ಕಾಮಾಲೆ ಬಂದು ಮಲಗಿದ್ದ. ಹಳದಿ ಪೂರ್ತಿ ಇಳಿದಿತ್ತು, ಹಸಿವು ಬಂದಿತ್ತು. ಆದರೆ ಕಾರ್ಖಾನೆಯ ಡಾಕ್ಟರು ಹುಷಾರಿನ ಮನುಷ್ಯ. ಆಲ್ಬ್ಯುಮಿನ್ ತಯಾರಾಗುವುದು ಲಿವರಿನಲ್ಲಿ, ಆದ್ದರಿಂದ ಪ್ರೋಟೀನು ನಾರ್ಮಲ್ ಬಂದ ರಿಪೋರ್ಟು ನೋಡದೆ ಫಿಟ್ ಎಂದು ಬರೆಯುವುದಿಲ್ಲ ಎಂದಿದ್ದರು. ಆ ತಿಂಗಳು ಮುಗಿಯುವುದರೊಳಗೆ ಡ್ಯೂಟಿಗೆ ಹಾಜರಾದ ಟೆಂಪರರಿಗಳನ್ನು ಖಾಯಂ ಮಾಡುವುದೆಂದು ಕಂಪನಿ ಒಪ್ಪಿತ್ತು. ಇಲ್ಲದವರು ಹೊರಗೆ. ಶ್ರೀನಿವಾಸನಿಗೆ ಮತ್ತೆ ಹೋಟೆಲಿನ ಟ್ರೇ ಹಿಡಿಯುವುದೋ, ಖಾಯಂ ನೌಕರನಾಗುವುದೋ ಎನ್ನುವುದು ನಮ್ಮ ಕಲರಿಮೀಟರಿನ ಮುಳ್ಳಿನ ಮೇಲೆ ನಿಂತಿತ್ತು.

ಅವರ ಮನೆ ಡಾಕ್ಟರು ಪೂರಾ ವಿಶ್ರಾಂತಿ ಹೇಳಿದ್ದರು. ಪೂರಾ ಎಂದರೆ ಪೂರಾ ಎಂದು ಗಿರಿಜಾ ತಿಳಿದಳು. ಗಂಡನನ್ನು ಹಾಸಿಗೆಯಿಂದ ಏಳಲು ಬಿಡಲಿಲ್ಲ. ಚಾಳಿನ ಕೊನೆಯ ಸಂಡಾಸಿಗೆ ಹೋಗುವಾಗ ಅವಳೂ ಹಿಂದೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನಿಗೆ ನಾಚಿಕೆಯಾಗಿ, ಹೋಗುವುದನ್ನೇ ಕಡಿಮೆ ಮಾಡಿದ್ದೇನೆ ಎಂದು ನನ್ನ ಹತ್ತಿರ ಹೇಳಿಕೊಂಡ. ಸಂಬಳ ನಿಂತಿದ್ದರಿಂದ ಅವಳು ಸುತ್ತಲಿನ ಒಂಟಿ ಗಂಡಸರಿಗೆ ಚಪಾತಿ ಲಟ್ಟಿಸಿ ಡಬ್ಬಿ ಕಟ್ಟುತ್ತಿದ್ದಳು. ರಕ್ತ ತೆಗೆಯಲು ನಾನೇ ಹೋಗುತ್ತಿದ್ದೆ. ಮಲಗಿದ್ದ ಹಾಗೆಯೇ ಕೈ ಚಾಚುತ್ತಿದ್ದ, ನಾನು ಬಾಗಿ ಚುಚ್ಚುತ್ತಿದ್ದೆ.

ಮೊದಲ ಸಲ ಆರು ಪಾಯಿಂಟ್ ಏಳು. ಕೆಂಪು ಸುತ್ತು. ಪ್ರೋಟೀನು ಕಡಿಮೆ ಎಂದು ಕೇಳಿದ್ದೇ ಗಿರಿಜಾ ಪಥ್ಯದ ಗಂಜಿ ನಿಲ್ಲಿಸಿ ಬಂಗುಡೆ ಮೀನು, ಮೊಟ್ಟೆ, ಹುರುಳಿ ಸಾರು, ಕಡಲೇಬೀಜ ಶುರುಮಾಡಿದಳು. ಎರಡನೆಯ ಸಲ ಹೋದಾಗ ಶ್ರೀನಿವಾಸನ ಕೆನ್ನೆ ಉಬ್ಬಿತ್ತು. ಅಂಕಿ ಆರು ಪಾಯಿಂಟ್ ಆರು. ಗಿರಿಜಾ ಇನ್ನೂ ಬಿಗಿ ಮಾಡಿದಳು, ಸಂಡಾಸು ಬಿಟ್ಟರೆ ಹಾಸಿಗೆ, ಹಾಸಿಗೆ ಬಿಟ್ಟರೆ ಬಂಗುಡೆ. ಮೂರನೆಯ ಸಲ ಅವನಿಗೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಅಂಕಿ ಆರೂವರೆ.

ಆ ರಿಪೋರ್ಟು ಕೊಟ್ಟಾಗ ಗಿರಿಜಾ ಲಟ್ಟಣಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಕ್ಕಾ, ನಾನು ತಿನ್ನಿಸುವುದು ಕಾಣ್ತದೆ, ಇವರು ದಪ್ಪ ಆಗುವುದೂ ಕಾಣ್ತದೆ. ನಿಮ್ಮ ಮಿಶೀನಿನ ಮುಳ್ಳು ಮಾತ್ರ ಕೆಳಗೆ ಹೋಗುವುದು ಎಂತಕ್ಕೆ?" ಎಂದು ಕೇಳಿದಳು. ತಿಂಗಳು ಮುಗಿಯುತ್ತ ಬಂದಿತ್ತು.

ಅದಾಗಿ ಎರಡು ದಿನಕ್ಕೆ ನಾನು ಬೇರೆ ಕಡೆ ರಕ್ತ ತೆಗೆಯಲು ಹೋಗಿದ್ದೆ. ವಾಪಸು ಬರುವಾಗ ನಮ್ಮ ಮೆಟ್ಟಿಲಲ್ಲೇ ಸಾಹೇಬರ ಗರ್ಜನೆ ಕೇಳಿಸಿತು. ಒಳಗೆ ಹೋದರೆ ಶ್ರೀನಿವಾಸ ನಿಂತಿದ್ದಾನೆ, ಬೆವರಿದ್ದಾನೆ, ಅಂಗಿಗೆ ಎರಡೇ ಗುಂಡಿ. ನಡೆದದ್ದಿಷ್ಟು. ಗಿರಿಜಾ ಮೀನು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಅವನು ಎದ್ದು ಓಡಿಬಂದಿದ್ದ. ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲದೆ ಕಳವಾ ಸೇತುವೆಯ ಮೇಲೆ ನಡೆದೇ ಠಾಣೆಗೆ ಬಂದಿದ್ದ. ನಮ್ಮ ಬೆಂಚೂ ತುಂಬಿದ್ದರಿಂದ ಗೋಡೆಗೆ ಒರಗಿ ತುಂಬ ಹೊತ್ತು ನಿಂತಿದ್ದ. ಅವನನ್ನು ಎಂದೂ ನೋಡಿರದ ಮೋರೆ ರಕ್ತ ತೆಗೆದ. ಅಂಕಿ ಏಳು ಪಾಯಿಂಟ್ ಮೂರು.

ಸಾಹೇಬರು ಹಳೆಯ ರಿಪೋರ್ಟು ತೆಗೆದು ನೋಡಿದ್ದಾರೆ. ಎರಡು ದಿನದಲ್ಲಿ ಇಷ್ಟು ಏರುವುದು ಸಾಧ್ಯವಿಲ್ಲ, ಇವನು ಶ್ರೀನಿವಾಸನೇ ಅಲ್ಲ, ಯಾರೋ ಗಟ್ಟಿಮುಟ್ಟಾದ ಗೆಳೆಯನನ್ನು ಕಳಿಸಿದ್ದಾನೆ ಎಂದು ತೀರ್ಮಾನಿಸಿದ್ದಾರೆ. ನೌಕರಿಯ ಟೆಸ್ಟಿಗೆ ಬದಲಿ ಮನುಷ್ಯನನ್ನು ಕಳಿಸುವುದು ಆಗ ಇದ್ದದ್ದೇ. ರಿಪೋರ್ಟು ಕೊಡುವುದಿಲ್ಲ, ಕಾರ್ಖಾನೆಗೆ ಫೋನು ಮಾಡುತ್ತೇನೆ ಎನ್ನುತ್ತಿದ್ದರು. ಫೋನು ಹೋದರೆ ಖಾಯಂ ಇರಲಿ, ಆ ಗೇಟಿನ ಹತ್ತಿರವೂ ಅವನನ್ನು ಬಿಡುತ್ತಿರಲಿಲ್ಲ. ಶ್ರೀನಿವಾಸ ಕೈ ಮುಗಿದುಕೊಂಡು ನಿಂತಿದ್ದ. "ಖೂನ್ ಮೇರಾಚ್ ಹೈ ಸಾಬ್," ಎಂದ. "ಔರ್ ಕಿಸ್ಕಾ ಲಾಯೇಗಾ ಮೈ." ರಕ್ತ ತನ್ನದೇ, ಬೇರೆ ಯಾರದನ್ನು ತರಲಿ ಎಂದು ಅವನ ಅಳಲು.

ಇವನೇ ಶ್ರೀನಿವಾಸ, ಮೂರು ಸಲ ನಾನೇ ಚುಚ್ಚಿದ್ದೇನೆ, ಬೇಕಾದರೆ ಮೊಣಕೈ ನೋಡಿರಿ ಎಂದೆ. ಸಾಹೇಬರು ಕನ್ನಡಕ ಏರಿಸಿ ಮೊಣಕೈ ನೋಡಿದರು. ಗುರುತುಗಳಿದ್ದವು. ಹಾಗಾದರೆ ಯಂತ್ರ ತಪ್ಪಿರಬೇಕು ಎಂದು ಮೋರೆಯ ಮೇಲೆ ತಿರುಗಿದರು. ಮೋರೆ ಅದೇ ಸೀರಮ್ಮನ್ನು ಮತ್ತೆ ಮಾಡಿದ, ಅದೇ ಅಂಕಿ ಬಂತು. ಇನ್ನೊಮ್ಮೆ ರಕ್ತ ತೆಗಿ, ನನ್ನ ಕಣ್ಣ ಮುಂದೆ ತೆಗಿ ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟಿಲ್ಲದೆ ಸೆಂಟ್ರಿಫ್ಯೂಜೂ ಇಲ್ಲ, ಕಲರಿಮೀಟರೂ ಇಲ್ಲ. ಬಂದ ಮೇಲೆ ತೆಗೆಯೋಣ ಎಂದು ಎಲ್ಲರೂ ಬೀಸಣಿಗೆ ಹುಡುಕಿದೆವು.

ಆಗ ಗಿರಿಜಾ ಬಂದಳು. ಮೀನಿನ ಚೀಲ ಕೈಯಲ್ಲೇ ಇತ್ತು. ಖಾಲಿ ಹಾಸಿಗೆ ಕಂಡು, ಚಾಳಿನಲ್ಲಿ ವಿಚಾರಿಸಿ, ಹಿಂದೆಯೇ ಓಡಿಬಂದಿದ್ದಳು. ಸಾಹೇಬರನ್ನು ನೋಡಲೇ ಇಲ್ಲ. ಬೆಂಚಿನ ಮೇಲಿದ್ದವರನ್ನೆಲ್ಲ ಏಳಿಸಿ, ಗಂಡನನ್ನು ಉದ್ದಕ್ಕೆ ಮಲಗಿಸಿ, ಸೆರಗಿನಿಂದ ಅವನ ಮುಖ ಒರೆಸುತ್ತ ತುಳುವಿನಲ್ಲಿ ಬೈಯತೊಡಗಿದಳು. ನನಗೆ ತುಳು ಬಾರದು, ಆದರೆ ಒಂದು ಶಬ್ದವೂ ಬಿಡದೆ ಎಲ್ಲ ಅರ್ಥವಾಯಿತು. ಸಾಹೇಬರು ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಹೋದರು. ಒಂದು ಗಂಟೆಗೂ ಮೇಲೆ ಅವನು ಅಲ್ಲಾಡಲಿಲ್ಲ, ಅವಳು ಅಲ್ಲಾಡಲು ಬಿಡಲಿಲ್ಲ.

ಕರೆಂಟು ಬಂತು. ಮಲಗಿದ್ದ ಹಾಗೆಯೇ ನಾನು ರಕ್ತ ತೆಗೆದೆ, ಮೋರೆ ಟೆಸ್ಟು ಮಾಡಿದ, ಸಾಹೇಬರು ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತರು. ಆರು ಪಾಯಿಂಟ್ ಆರು.

ಅದೇ ಮನುಷ್ಯ, ಅದೇ ದಿನ, ಅದೇ ಯಂತ್ರ. ಶ್ರೀನಿವಾಸನ ಮುಖ ಬಿಳಚಿಕೊಂಡಿತು. ಗಿರಿಜಾ ಅಂಕಿಗಳನ್ನು ನನ್ನಿಂದ ಕೇಳಿ ತಿಳಿದುಕೊಂಡು, ಅಳುವ ದನಿಯಲ್ಲಿ ವ್ಯಂಗ್ಯ ಮಾಡಿದಳು: "ನಿಂತ್ರೆ ಏರ್ತದೆ, ಮಲಗಿದ್ರೆ ಇಳೀತದೆ. ಹಾಗಾದ್ರೆ ಇವರನ್ನು ಇಷ್ಟು ದಿನ ಗೋಡೆಗೆ ನಿಲ್ಲಿಸಿಯೇ ಇಡ್ಬೇಕಿತ್ತಾ?" ಸಾಹೇಬರು ಏನು ಹೇಳುತ್ತಾಳೆ ಎಂದು ಕೇಳಿದರು. ನಾನು ಮರಾಠಿಯಲ್ಲಿ ಹೇಳಿದೆ. ಅವರು ಅವಳನ್ನು ನೋಡಿದರು, ಬೆಂಚು ನೋಡಿದರು, ಬೋರ್ಡು ನೋಡಿದರು. ನಂತರ ಟೈ ಬಿಚ್ಚಿದರು. ಸಾಹೇಬರು ಟೈ ಬಿಚ್ಚಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ತಮ್ಮ ರಕ್ತವನ್ನು ನಿಂತೇ ತೆಗೆಸಿಕೊಂಡರು. ಆಮೇಲೆ ಶ್ರೀನಿವಾಸನನ್ನು ಏಳಿಸಿ ಅದೇ ಬೆಂಚಿನ ಮೇಲೆ ತಾವು ಮಲಗಿದರು. ಬೆಂಚಿಗಿಂತ ಅವರೇ ಉದ್ದ, ಕಾಲು ಹೊರಗೆ ತೂಗುತ್ತಿತ್ತು, ಮೋರೆ ಒಂದು ಸ್ಟೂಲು ತಂದಿಟ್ಟ. ಹುರುಪು ಬಂದು ನೀನೂ ಮಲಗು ಎಂದರು, ಮೋರೆ ನೆಲದ ಮೇಲೆ ಪೇಪರು ಹಾಸಿ ಮಲಗಿದ. ರಿಪೋರ್ಟಿಗೆ ಬಂದಿದ್ದ ಒಬ್ಬ ಬ್ಯಾಂಕಿನವರು ತಮ್ಮಷ್ಟಕ್ಕೆ ತಾವೇ ಅಂಗಿ ತೋಳು ಮಡಚಿ, ನಾನೂ ಇದ್ದೇನೆ ಎಂದು ಅವನ ಪಕ್ಕ ಉರುಳಿದರು. ಮಲಗುವ ಮೊದಲು ಇಬ್ಬರ ರಕ್ತವನ್ನೂ ನಾನು ನಿಂತಲ್ಲೇ ತೆಗೆದಿದ್ದೆ. ನಾನೂ ಗಿರಿಜಾಳೂ ಮೂವರು ಗಂಡಸರನ್ನು ದಾಟಿಕೊಂಡು ಓಡಾಡಬೇಕಾಯಿತು. ಈಥರ್ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಮೋರೆಗೆ ನಗು ಶುರುವಾಯಿತು, ಬ್ಯಾಂಕಿನವರಿಗೆ ಹತ್ತಿತು, ಕೊನೆಗೆ ಸಾಹೇಬರ ಹೊಟ್ಟೆಯೂ ಕುಲುಕತೊಡಗಿತು. ನಗಬೇಡಿರಿ, ರಿಸಲ್ಟು ಕೆಡುತ್ತದೆ ಎಂದು ಅವರೇ ಗದರಿ ಅವರೇ ನಕ್ಕರು. ಶ್ರೀನಿವಾಸನೊಬ್ಬ ಮಾತ್ರ ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತಿದ್ದ, ಇಳಿದದ್ದು ಏರಲಿ ಎಂದು.

ಮಲಗಿದ್ದಾಗಲೇ ತೆಗೆದ ರಕ್ತದಲ್ಲಿ ಮೂವರ ಅಂಕಿಯೂ ಇಳಿದಿತ್ತು. ಏಳೂವರೆಯಿದ್ದ ಸಾಹೇಬರು ಆರು ಪಾಯಿಂಟ್ ಎಂಟಕ್ಕೆ ಬಂದಿದ್ದರು. ಅಂದರೆ ಅವರದೇ ಬೋರ್ಡಿನ ಪ್ರಕಾರ ಅವರು ಅಪೌಷ್ಟಿಕತೆಯ ರೋಗಿ. ಕೆಂಪು ಪೆನ್ನು ತೆಗೆದು ತಮ್ಮ ಅಂಕಿಗೆ ತಾವೇ ಸುತ್ತು ಹಾಕಿದರು. ಆಮೇಲೆ ಕುರ್ಚಿಯ ಮೇಲೆ ಕೂತು ನಮಗೆಲ್ಲ ಪಾಠ ಹೇಳಿದರು. ನಿಂತಾಗ ಕಾಲಿನ ರಕ್ತನಾಳಗಳ ಮೇಲೆ ಭಾರ ಬಿದ್ದು ನೀರು ಹೊರಕ್ಕೆ ಜಿನುಗುತ್ತದೆ, ಪ್ರೋಟೀನು ದೊಡ್ಡದು, ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ. ಒಲೆಯ ಮೇಲೆ ಬಿಟ್ಟ ಬೇಳೆ ಗಟ್ಟಿಯಾದ ಹಾಗೆ ರಕ್ತ ಗಟ್ಟಿಯಾಗುತ್ತದೆ. ಮಲಗಿದರೆ ಆ ನೀರು ಒಳಕ್ಕೆ ಮರಳಿ ಬೇಳೆ ತೆಳ್ಳಗಾಗುತ್ತದೆ. ಬೇಳೆ ಅಷ್ಟೇ ಇದೆ. ಇವನ ಲಿವರು ಎಂದೋ ಸರಿಹೋಗಿದೆ, ಆರರಿಂದ ಎಂಟು ಎನ್ನುವ ಪುಸ್ತಕದ ಲೆಕ್ಕದಲ್ಲಿ ಇವನು ಮೊದಲ ದಿನವೇ ನಾರ್ಮಲ್ ಎಂದರು.

ಹಾಗಾದರೆ ನಮ್ಮ ಬೋರ್ಡು? ಪ್ರಶ್ನೆ ನನ್ನ ಬಾಯಿಗೆ ಬರುವಷ್ಟರಲ್ಲಿ ಉತ್ತರವೂ ಹೊಳೆಯಿತು, ಅವರಿಗೂ ಹೊಳೆದದ್ದು ಮುಖದಲ್ಲಿ ಕಂಡಿತು. ಡೊಂಬಿವಲಿಯಿಂದ ಠಾಣೆಯವರೆಗೆ ಸರಳು ಹಿಡಿದು ನಿಂತು, ಸೇತುವೆ ಹತ್ತಿ ಇಳಿದು ಬಂದವರ ರಕ್ತವದು. ಉಸಳಿನ ಮಹಿಮೆಯೂ ಅಲ್ಲ, ರೊಟ್ಟಿಯ ಮಹಿಮೆಯೂ ಅಲ್ಲ, ಸೆಂಟ್ರಲ್ ರೈಲ್ವೆಯ ಮಹಿಮೆ. ಆ ಅಂಕಿಯಿಂದ ನಾವು ಮಂಚದ ಮೇಲೆ ಮಲಗಿದವರನ್ನು ಅಳೆಯುತ್ತಿದ್ದೆವು. ಸಾಹೇಬರು ಸ್ಟೂಲು ಹತ್ತಿ ಬೋರ್ಡನ್ನು ತಾವೇ ಇಳಿಸಿದರು. ಮೋರೆಗೆ ಕೊಡಲಿಲ್ಲ. ಮುಂದಿನ ದಿನಗಳಲ್ಲಿ ಮಲಗಿದವರಿಗೆ ಬೇರೆ, ಓಡಾಡುವವರಿಗೆ ಬೇರೆ ಅಂಕಿ ಮಾಡಿದೆವು, ಕೆಂಪು ಸುತ್ತಿನ ರಿಪೋರ್ಟು ಹೋಗಿದ್ದ ಆಸ್ಪತ್ರೆಗಳಿಗೆಲ್ಲ ಅವರೇ ಹೋಗಿ ತಿಳಿಸಿ ಬಂದರು. ಎಂಬತ್ತರ ದಶಕದ ಕೊನೆಗೆ ಬೇಲಾಪುರದ ಕಡೆ ಎಲ್ಲ ಟೆಸ್ಟನ್ನೂ ತಾವೇ ಮಾಡುವ ದೊಡ್ಡ ಯಂತ್ರಗಳು ಬಂದವು. ನಾನು ಅವುಗಳ ಮುಂದೆಯೂ ಕೂತು ಕೆಲಸ ಮಾಡಿದ್ದೇನೆ. ಅವು ಬಾಯಿಗೆ ಏನೂ ತಾಗಿಸುವುದಿಲ್ಲ, ಬಹಳ ಸಂತೋಷ. ಆದರೆ ಈ ರಕ್ತ ಕೊಟ್ಟವರು ಮಲಗಿದ್ದರೋ ನಿಂತಿದ್ದರೋ ಎಂದು ಅವು ಇನ್ನೂ ಕೇಳುವುದಿಲ್ಲ. ನೀವು ಕೇಳಿರಿ.

ಶ್ರೀನಿವಾಸನ ವಿಷಯ ಮಾತ್ರ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಕಾರ್ಖಾನೆಯ ಡಾಕ್ಟರ ಹತ್ತಿರ ಮೂರು ಕೆಂಪು ಸುತ್ತುಗಳಿದ್ದವು. ತಿಂಗಳ ಕೊನೆಯ ದಿನ ಸಾಹೇಬರು ಮತ್ತೆ ಟೈ ಕಟ್ಟಿಕೊಂಡು ಹೊರಟರು. ಶ್ರೀನಿವಾಸ, ಗಿರಿಜಾ, ನಾನು ಹಿಂದೆ. ರಬಾಳೆಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಶ್ರೀನಿವಾಸ ಕೂರಲಿಲ್ಲ. ಕೂತರೆ ಎಷ್ಟು ಇಳಿಯುತ್ತದೆ ಎಂದು ನನ್ನನ್ನು ಕೇಳಿದ. ಗಿರಿಜಾಳೂ ಅವನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಳು. ಅಂಗಿಯ ಗುಂಡಿಗಳನ್ನು ಅವಳು ಸರಿಸಿ ಹೊಲಿದಿದ್ದಳು.

ಕಾರ್ಖಾನೆಯ ಡಾಕ್ಟರು ಸಾಹೇಬರ ಮಾತನ್ನೆಲ್ಲ ಕೇಳಿದರು, ನಂಬಿದ ಹಾಗೆ ಕಾಣಲಿಲ್ಲ. ಅಚ್ಚು ಹಾಕಿದ ಅಂಕಿ ನಿಮ್ಮದೇ, ಸಹಿ ನಿಮ್ಮದೇ, ಈಗ ತಪ್ಪು ಎಂದರೆ ನಾನು ಯಾವುದನ್ನು ನಂಬಲಿ ಎಂದರು. ಸಾಹೇಬರ ಸಿಟ್ಟು ಮೂಗಿನ ತುದಿಗೆ ಬಂದದ್ದನ್ನು ನಾನು ಕಂಡೆ. ಆದರೆ ಅವರು ಸಿಟ್ಟಾಗಲಿಲ್ಲ. ತಪ್ಪು ನಮ್ಮ ಲ್ಯಾಬಿನದು, ಅದಕ್ಕಾಗಿಯೇ ನಾನು ಬಂದದ್ದು, ಈ ಹುಡುಗನ ಲಿವರಿನದಲ್ಲ ಎಂದು ಮೆಲ್ಲಗೆ ಹೇಳಿ, ಮೂರೂ ರಿಪೋರ್ಟುಗಳ ಕೆಂಪು ಸುತ್ತನ್ನು ಒಂದೊಂದಾಗಿ ಹೊಡೆದುಹಾಕಿ ಸಹಿ ಮಾಡಿದರು. ಡಾಕ್ಟರು ಆ ಸಹಿಗಳನ್ನು ನೋಡಿ, ಸರಿ, ಹೊಟ್ಟೆ ಒತ್ತಿ ನೋಡುತ್ತೇನೆ, ಆ ಮೇಜಿನ ಮೇಲೆ ಮಲಗು ಎಂದರು.

ಶ್ರೀನಿವಾಸ ಅಲ್ಲಾಡಲಿಲ್ಲ. "ನಹೀಂ ಸಾಬ್," ಎಂದ. "ಮೈ ಅಭೀ ಸೋಯೇಗಾ ನಹೀಂ."

ಮಲಗುವುದಿಲ್ಲ ಎಂದರೆ ಮಲಗುವುದಿಲ್ಲ. ಸಾಹೇಬರು ಹೇಳಿದರು, ನಾನು ಹೇಳಿದೆ, ಈಗ ರಕ್ತ ತೆಗೆಯುವುದಿಲ್ಲ ಮಾರಾಯ ಎಂದೆ, ಕೇಳಲಿಲ್ಲ. ಕಾರ್ಖಾನೆಯ ಡಾಕ್ಟರು ಕೊನೆಗೆ ನಕ್ಕರು. ಎದ್ದು ಬಂದು ಅವನನ್ನು ನಿಲ್ಲಿಸಿಯೇ ಹೊಟ್ಟೆ ಒತ್ತಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ನಿಂತುಕೊಂಡೇ ಫಿಟ್ ಎಂದು ಬರೆದು ಕೊಟ್ಟರು. ಸೆಕೆಂಡ್ ಶಿಫ್ಟಿನ ಸೈರನ್ನು, ಅಲ್ಲಿಯವರ ಭೋಂಗಾ, ಆಗತಾನೇ ಊದಿತ್ತು. ಶ್ರೀನಿವಾಸ ಚೀಟಿ ಹಿಡಿದುಕೊಂಡು ಗೇಟಿನೊಳಗೆ ಓಡಿದ. ಸಾಹೇಬರು ಕರವಸ್ತ್ರದಲ್ಲಿ ಕನ್ನಡಕ ಒರೆಸಿಕೊಂಡು, ಕೆಲಸವಿದೆ ಎಂದು ಬೇರೆ ಬಸ್ಸು ಹಿಡಿದು ಹೋದರು.

ನಾನೂ ಗಿರಿಜಾಳೂ ಠಾಣೆಯ ಬಸ್ಸು ಹತ್ತಿದೆವು. ನನಗೆ ಹಾಡಬೇಕೆನಿಸುವಷ್ಟು ಖುಷಿಯಾಗಿತ್ತು, ಅವಳನ್ನು ಮಾತಾಡಿಸಬೇಕೆಂದು ನೋಡಿದೆ. ಅವಳು ಸೀಟಿನಲ್ಲಿ ಕೂತು, ಕಿಟಕಿಗೆ ತಲೆ ಕೊಟ್ಟು, ತನ್ನ ಪಾಡಿಗೆ ತಾನು ಹೇಳುವ ಹಾಗೆ ಹೇಳಿದಳು: "ಇಷ್ಟು ದಿನ ಅವರು ಮಲಗಿದ್ರು, ನಾನು ನಿಂತಿದ್ದೆ ಅಕ್ಕಾ. ಇನ್ನು ಸ್ವಲ್ಪ ನಾನು ಮಲಗ್ತೇನೆ."

ದಿಘೆ ಸ್ಟಾಪು ಬರುವ ಮೊದಲೇ ಅವಳ ತಲೆ ನನ್ನ ಹೆಗಲಿಗೆ ಬಂದಿತ್ತು. ಎಂಥ ನಿದ್ದೆಯೆಂದರೆ ಕಂಡಕ್ಟರ್ ಕಿವಿಯ ಹತ್ತಿರ ಗಂಟೆ ಬಾರಿಸಿದರೂ ಎಚ್ಚರವಾಗಲಿಲ್ಲ. ಕಳವಾ ನಾಕಾ ಬಂತು, ಅವಳು ಇಳಿಯಬೇಕಿತ್ತು. ನಾನು ಎಬ್ಬಿಸಲಿಲ್ಲ. ಕಂಡಕ್ಟರನಿಗೆ ಸನ್ನೆ ಮಾಡಿ, ಅವಳಿಗೂ ಠಾಣೆಯ ಟಿಕೇಟು ತೆಗೆಸಿದೆ.